ಡಬಲ್ ಸ್ಲಿಟ್ ಪ್ರಯೋಗದಲ್ಲಿ ಕೆಂಪು ಲೇಸರಿಗೆ 562 ನ್ಯಾನೋಮೀಟರ್ ಬರುತ್ತಿದೆ, ಎಲ್ಲಿ ತಪ್ಪಿದೆ?

ವಿರಾಜಪೇಟೆಯಿಂದ ನೀವು ಕೊಟ್ಟ ಅಳತೆ ಇಷ್ಟು: 650 ನ್ಯಾನೋಮೀಟರ್ ಎಂದು ಬರೆದಿರುವ ಕೆಂಪು ಪಾಯಿಂಟರ್, 0.05 ಮಿ.ಮೀ. ಅಗಲದ ಎರಡು ಸ್ಲಿಟ್ (ಬೆಳಕು ಹಾಯುವ ಸಣ್ಣ ಸೀಳು), ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 0.25 ಮಿ.ಮೀ., ಗೋಡೆಗೆ 2 ಮೀಟರ್. ಗೋಡೆ ಮೇಲೆ ಮೂಡಿದ ಒಂಬತ್ತು ಬೆಳಕಿನ ಪಟ್ಟಿಗಳಲ್ಲಿ ಮೊದಲನೆಯದರ ಹೆಚ್ಚು ಬೆಳಗುವ ಜಾಗದಿಂದ ಕೊನೆಯದರ ಹೆಚ್ಚು ಬೆಳಗುವ ಜಾಗಕ್ಕೆ 40.5 ಮಿ.ಮೀ. ಅದರಿಂದ ಬಂದ ತರಂಗಾಂತರ 562 ನ್ಯಾನೋಮೀಟರ್. ಅದು ಹಳದಿ ಬೆರೆತ ಹಸಿರು, ಗೋಡೆ ಮೇಲೆ ಕಾಣುತ್ತಿರುವುದು ಕೆಂಪು. ಲೇಸರ್ ಸರಿಯಾಗಿಯೇ ಇದೆ.

ನೀವು 40.5ನ್ನು 9ರಿಂದ ಭಾಗಿಸಿದ್ದೀರಿ. ಬೇಲಿಗೆ ಒಂಬತ್ತು ಕಂಬ ನೆಟ್ಟರೆ ನಡುವೆ ಎಂಟೇ ಸಂದು. 8ರಿಂದ ಭಾಗಿಸಿದರೆ ಪಟ್ಟಿ ಅಂತರ 5.06 ಮಿ.ಮೀ. ಅದನ್ನು 0.25ರಿಂದ ಗುಣಿಸಿ 2000ದಿಂದ (2 ಮೀಟರ್ ಎಂದರೆ ಅಷ್ಟು ಮಿ.ಮೀ.) ಭಾಗಿಸಿ, 0.000633 ಮಿ.ಮೀ., ಅಂದರೆ ತರಂಗಾಂತರ 633 ನ್ಯಾನೋಮೀಟರ್ ಆಗುತ್ತದೆ. (633 ಹೀಲಿಯಂ-ನಿಯಾನ್ ಲೇಸರಿನ ಸಂಖ್ಯೆ. ಹೊಂದಿತಲ್ಲ ಎಂದು ಮರುಳಾಗಬೇಡಿ, ಪಾಯಿಂಟರಿನೊಳಗೆ ಇರುವುದು ಡಯೋಡ್.)

650ಕ್ಕೆ ಇನ್ನೂ ಉಳಿದ ಕೊರತೆಗೆ ಕಾರಣ ಬೇರೆ, ಹೆಚ್ಚಿನವರು ಎಡವುವುದೂ ಇಲ್ಲೇ. ಪ್ರತಿ ಸ್ಲಿಟ್ಟಿನ ವಿವರ್ತನೆಯಿಂದ (ಸಣ್ಣ ಸೀಳಿನಲ್ಲಿ ಹಾಯ್ದ ಬೆಳಕು ಹರಡುವುದು) ಬೆಳಕು ನಡುವೆ ಹೆಚ್ಚಿದ್ದು ಅಂಚಿಗೆ ಕುಗ್ಗುತ್ತಾ ಹೋಗುತ್ತದೆ. ನಿಮ್ಮ ಸ್ಲಿಟ್ಟಿನಲ್ಲಿ 0.25 ಅನ್ನುವುದು 0.05ರ ಐದು ಪಟ್ಟು, ಹಾಗಾಗಿ ನಡುವಿನಿಂದ ಐದನೇ ಪಟ್ಟಿ ಪೂರ್ತಿ ಕಾಣೆ. ನಾಲ್ಕನೆಯದು ಬೆಳಕು ಕುಗ್ಗುವ ಇಳಿಜಾರಿನಲ್ಲಿ ಕೂತಿದೆ. ಅದರ ಹೊರಬದಿ ಮಂಕಾಗಿ, ಹೆಚ್ಚು ಬೆಳಗುವ ಜಾಗ ಸುಮಾರು ಅರ್ಧ ಮಿ.ಮೀ. ಒಳಕ್ಕೆ ಸರಿದಿರುತ್ತದೆ. ಎರಡೂ ಕಡೆ ಸೇರಿ ಒಂದು ಮಿ.ಮೀ. ಖೋತಾ.

ಕಪ್ಪು ಗೆರೆಗಳಿಗೆ ಈ ಕಾಟ ಇಲ್ಲ, ಶೂನ್ಯ ಬೆಳಕನ್ನು ಯಾವ ಇಳಿಜಾರೂ ಸರಿಸಲಾರದು. ಹಾಗಾಗಿ ಅಳೆಯಬೇಕಾದ್ದು ಕಪ್ಪನ್ನೇ. ಗೋಡೆಗೆ ಬಿಳಿ ಹಾಳೆ ಅಂಟಿಸಿ, ಕೋಣೆ ಕತ್ತಲು ಮಾಡಿ, ಚೂಪು ಪೆನ್ಸಿಲಿನಿಂದ ಒಂದೊಂದು ಕಪ್ಪಿನ ನಡುವಿಗೆ ಗೆರೆ ಎಳೆಯಿರಿ. ಆಮೇಲೆ ಹಾಳೆ ಕಿತ್ತು ಮೇಜಿನ ಮೇಲಿಟ್ಟು ಸ್ಕೇಲಿನಲ್ಲಿ ಅಳೆಯಿರಿ. ಒಂಬತ್ತು ಪಟ್ಟಿಗಳ ನಡುವೆ ಎಂಟು ಕಪ್ಪು ಗೆರೆ, ಏಳು ಸಂದು. 650 ನಿಜವಾಗಿದ್ದರೆ 36.4 ಮಿ.ಮೀ. ಬರಬೇಕು. ಆದರೆ ಅಗ್ಗದ ಪಾಯಿಂಟರುಗಳ ಚೀಟಿಯಲ್ಲಿ 630–680 ಎಂದೂ ಇರುತ್ತದೆ, 650ಕ್ಕೆ ಒತ್ತಾಯದಿಂದ ತರಬೇಡಿ.

2 ಮೀಟರನ್ನು ಸ್ಲಿಟ್ಟಿನಿಂದ ಅಳೆಯಿರಿ, ಲೇಸರಿನಿಂದಲ್ಲ. ಒಂದು ಸೆಂ.ಮೀ. ತಪ್ಪಿದರೆ ಅರ್ಧ ಶೇಕಡಾ. ಹಾಳೆ 10 ಡಿಗ್ರಿ ವಾಲಿದರೆ ಒಂದೂವರೆ ಶೇಕಡಾ. ಬೆಳಕು ನಿಮ್ಮ ಕಣ್ಣಿನ ಎತ್ತರದಲ್ಲಿ ಹಾಯದಂತೆ ಇಡಿ.

ನನಗೆ ಹೆಚ್ಚು ಅನುಮಾನ ಇರುವುದು ಆ 0.25ರ ಮೇಲೆ. ಟ್ರಾವೆಲಿಂಗ್ ಮೈಕ್ರೋಸ್ಕೋಪ್ (ಸರಿಸಿ ಅಳೆಯುವ ಸೂಕ್ಷ್ಮದರ್ಶಕ) 0.01 ಮಿ.ಮೀ.ವರೆಗೆ ತೋರಿಸುತ್ತದೆ, 0.25ರಲ್ಲಿ ಅದೇ ನಾಲ್ಕು ಶೇಕಡಾ. 10 ಸೆಂ.ಮೀ. ಸಂಗಮದೂರದ ಪೀನ ಮಸೂರ ತೆಗೆದುಕೊಳ್ಳಿ, ಸ್ಲಿಟ್ಟನ್ನು ಅದರಿಂದ 10.5 ಸೆಂ.ಮೀ.ಗಿಟ್ಟು ಹಿಂದಿನಿಂದ ಟಾರ್ಚ್ ಬಿಡಿ. 210 ಸೆಂ.ಮೀ. ಆಚೆ 20 ಪಟ್ಟು ದೊಡ್ಡ ಬಿಂಬ ಮೂಡುತ್ತದೆ, 0.25 ಎಂಬುದು 5 ಮಿ.ಮೀ. ಆಗುತ್ತದೆ. ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ. ನಡುವಿನ ಕಪ್ಪು ಭಾಗ ಮಾತ್ರ ಅಳೆದರೆ 0.20 ಸಿಕ್ಕಿ, ಕೆಂಪು ಲೇಸರ್ 520 ಆಗಿಬಿಡುತ್ತದೆ.

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಈ ಮಸೂರ, ಸ್ಲಿಟ್ ಇರುವ ಸ್ಲೈಡು ಎರಡಕ್ಕೂ ಬೂಷ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ಸ್ಲೈಡಿನ ಮೇಲೆ ಪಸೆ ಕೂತರೆ ಪಟ್ಟಿಗಳೆಲ್ಲ ಚುಕ್ಕೆ ಚುಕ್ಕೆಯಾಗಿ ಚದುರುತ್ತವೆ. ಕಿಟಕಿಯಿಂದ ಒಳಬರುವ ಮಂಜಿನಿಂದ ಪಟ್ಟಿ ಅಂತರ ಬದಲಾಗುವುದಿಲ್ಲ, ಕಿರಣ ಗಾಳಿಯಲ್ಲಿ ಕಾಣುತ್ತದೆ ಅಷ್ಟೆ.

0.25ರ ಗೊಡವೆಯೇ ಬೇಡವೆಂದರೆ 532ರ ಹಸಿರು ಪಾಯಿಂಟರ್ ಒಂದನ್ನು ತನ್ನಿ. ಅದು ಡಯೋಡಿನ ಹಾಗೆ ಅತ್ತಿತ್ತ ಆಗುವುದಿಲ್ಲ, ಒಳಗಿನ 1064 ನ್ಯಾನೋಮೀಟರಿನ ಅವಗೆಂಪು ಲೇಸರಿನ ತರಂಗಾಂತರವನ್ನು ಅರ್ಧ ಮಾಡಿ ಬರುವುದೇ ಅದರ ಬೆಳಕು. (ಹೊಸ ಹಸಿರು ಪಾಯಿಂಟರುಗಳಲ್ಲಿ 520ರ ಡಯೋಡ್ ಇರುವುದುಂಟು, ಚೀಟಿ ನೋಡಿ.) ಸ್ಲಿಟ್, ಗೋಡೆ ಯಾವುದನ್ನೂ ಕದಲಿಸದೆ ಅದೇ ಏಳು ಸಂದು ಅಳೆಯಿರಿ, 29.8 ಮಿ.ಮೀ. ಹತ್ತಿರ ಬರುತ್ತದೆ. ಕೆಂಪಿನ ಅಳತೆಯನ್ನು ಹಸಿರಿನದರಿಂದ ಭಾಗಿಸಿ 532ರಿಂದ ಗುಣಿಸಿದರೆ ನಿಮ್ಮ ಪಾಯಿಂಟರಿನ ತರಂಗಾಂತರ.