ಬೋರ್ಡಿನಲ್ಲಿ ಯಾರ ಹೆಸರು ಮೊದಲು

ನಮಸ್ಕಾರ. ನಾಗರಬಾವಿಯಿಂದ ನೀವು ಬರೆದದ್ದು ತಲುಪಿತು. ಯೊಕೊಹಾಮಾದ ಬಳಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಿಂದ ನಿಮಗೆ ಕೆಲಸದ ಕರೆ ಬಂದಿದೆ. ಆದರೆ ಹೋಂಡಾ ಮತ್ತು ನಿಸ್ಸಾನ್ ಒಂದಾಗುತ್ತವೆ ಎಂದು ಸಾರಿ ಎರಡು ತಿಂಗಳು ತುಂಬುವುದರೊಳಗೆ ಮಾತು ಮುರಿದುಕೊಂಡದ್ದನ್ನು ಓದಿ, ಇಂಥ ಮಾತುಕತೆಗಳು ಏಕೆ ಮುರಿಯುತ್ತವೆ, ಇದನ್ನೆಲ್ಲ ನೋಡಿಯೂ ಹೆಂಡತಿ ಮಗುವನ್ನು ಕರೆದುಕೊಂಡು ಬರಬಹುದೇ ಎಂದು ಕೇಳಿದ್ದೀರಿ. ಮನೆ, ಅಡುಗೆ, ಶಾಲೆಗಳ ಬಗ್ಗೆಯೂ ಕೇಳಿದ್ದೀರಿ. ಅವು ಬೇಗ ಮುಗಿಯುವಂಥವು. ಇಲ್ಲಿ ಜಪಾನಿನಲ್ಲಿ ಹಲವೆಡೆ ಮುಂಗಡದ ಜೊತೆಗೆ ಮಾಲೀಕರಿಗೆ ಹಿಂತಿರುಗಿ ಬಾರದ ಕಾಣಿಕೆಯನ್ನೂ ಕೊಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರು ಇದಕ್ಕೆ ಬೆದರಬೇಕಿಲ್ಲ. ತೊಗರಿಬೇಳೆ ಸಿಗುತ್ತದೆ. ಶಾಲೆಯ ವಿಚಾರ ಮಗು ನಡೆಯಲು ಕಲಿತ ಮೇಲೆ ನೋಡೋಣ. ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ನಾನು ವಿವರವಾಗಿ ಉತ್ತರಿಸಲೇಬೇಕು, ಏಕೆಂದರೆ ಅದರಲ್ಲಿ ನನ್ನ ತಪ್ಪೊಂದು ಸೇರಿಕೊಂಡಿದೆ.

ನಾನು ಇಲ್ಲಿಗೆ ಬಂದದ್ದು 2005ರ ಜನವರಿಯಲ್ಲಿ. ಬಂದ ಹೊಸತರಲ್ಲಿ ಒಂದು ಬ್ರ್ಯಾಕೆಟ್ಟಿನ ಡ್ರಾಯಿಂಗ್ ಬದಲಿಸಬೇಕೆಂದು ಸೂಚಿಸಿದ್ದೆ. ಸಭೆ ಸೇರಿತು, ಯಾರೂ ಏನೂ ಕೇಳಲಿಲ್ಲ, ಎಲ್ಲರೂ ತಲೆಯಾಡಿಸಿದರು, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ನನ್ನ ವಾದದ ಬಲವೇ ಗೆದ್ದಿತೆಂದು ಬೀಗಿದ್ದೆ. ನನ್ನ ಹಿರಿಯ ಸಹೋದ್ಯೋಗಿ ಅದಕ್ಕೆ ಮೊದಲು ಎರಡು ವಾರ ಒಬ್ಬೊಬ್ಬರ ಮೇಜಿಗೂ ಹೋಗಿ, ಕುಳಿತು, ಒಪ್ಪಿಸಿ ಬಂದಿದ್ದರೆಂಬುದು ಆಮೇಲೆ ತಿಳಿಯಿತು. ಇಲ್ಲಿ ಇದಕ್ಕೆ ನೆಮವಾಶಿ ಎನ್ನುತ್ತಾರೆ. ಮರವನ್ನು ಕಿತ್ತು ಬೇರೆಡೆ ನೆಡುವ ಮುನ್ನ ಬೇರಿನ ಸುತ್ತ ಮಣ್ಣು ಬಿಡಿಸುವ ಕೆಲಸ. ಲಗ್ನಪತ್ರಿಕೆ ಬರೆಸುವ ಮೊದಲು ಎರಡೂ ಕಡೆಯ ಹಿರಿಯರು ಒಳಗೊಳಗೇ ಮಾತಾಡಿ ಮುಗಿಸಿರುತ್ತಾರಲ್ಲ, ಹಾಗೆ. ಎಲ್ಲರೆದುರು ಹೇಳುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ ಎಂಬ ಈ ಪಾಠ ಹತ್ತೊಂಬತ್ತು ವರ್ಷ ನನ್ನನ್ನು ಒಮ್ಮೆಯೂ ಮೋಸ ಮಾಡಲಿಲ್ಲ.

2024ರ ಡಿಸೆಂಬರ್ 23ರಂದು ಹೋಂಡಾದ ಆಗಿನ ಮುಖ್ಯಸ್ಥ ಮಿಬೆ, ನಿಸ್ಸಾನಿನ ಆಗಿನ ಮುಖ್ಯಸ್ಥ ಉಚಿದಾ, ತಾನೂ ಸೇರುವ ಯೋಚನೆಯಲ್ಲಿದ್ದ ಮಿತ್ಸುಬಿಷಿ ಮೋಟರ್ಸಿನ ಆಗಿನ ಮುಖ್ಯಸ್ಥ ಕಾಟೊ ಪತ್ರಕರ್ತರ ಮುಂದೆ ಸಾಲಾಗಿ ಕುಳಿತಾಗ, ಬೇರಿನ ಮಣ್ಣು ಬಿಡಿಸಿಯಾಗಿದೆ ಎಂದೇ ನಾನು ನಂಬಿದೆ. 2025ರ ಜೂನಿನಲ್ಲಿ ಅಂತಿಮ ಒಪ್ಪಂದ, 2026ರ ಆಗಸ್ಟಿನಲ್ಲಿ ಹೊಸ ಕಂಪನಿ ಷೇರುಪೇಟೆಗೆ, 30 ಲಕ್ಷ ಕೋಟಿ ಯೆನ್ ವಹಿವಾಟು, 3 ಲಕ್ಷ ಕೋಟಿ ಲಾಭದ ಗುರಿ. ಇಷ್ಟೆಲ್ಲ ಲೆಕ್ಕ ಹಾಕಿದವರು ಹಿಂದೆ ಸರಿಯುತ್ತಾರೆಯೇ? ಅಂದು ಸಹಿಯಾದದ್ದು ಒಂದಾಗಲು ಮಾಡಿಕೊಂಡ ಒಪ್ಪಂದವಲ್ಲ, ಒಂದಾಗಬಹುದೇ ಎಂದು ಪರಿಶೀಲಿಸಲು ಮಾಡಿಕೊಂಡ ಒಪ್ಪಂದ. ಆ ವ್ಯತ್ಯಾಸ ಕಾಗದದಲ್ಲಿಯೇ ಇತ್ತು. ನಾನು ಅದನ್ನು ಓದಿಯೂ ಓದದವನಂತಿದ್ದೆ.

ಅದೇ ವಾರ ತುಮಕೂರಿನ ಕಡೆಯ ಹುಡುಗನೊಬ್ಬ, ನಮ್ಮ ಬಿಡಿಭಾಗದ ಕಾರ್ಖಾನೆಯಲ್ಲಿಯೇ ಅವಧಿ ಕರಾರಿನ ಮೇಲೆ ಇದ್ದವನು, ನಗೋಯಾದ ಕಡೆಯಿಂದ ಬೇರೆ ಕೆಲಸ ಬಂದಿದೆ, ಏನು ಮಾಡಲಿ ಅಣ್ಣ ಎಂದು ಕೇಳಿದ. ಇನ್ನು ಎರಡೂ ಕಂಪನಿಯ ಆರ್ಡರು ನಮಗೇ ಬರುತ್ತದೆ, ಇಲ್ಲಿಯೇ ಇರು ಎಂದೆ. ಅವನು ಅವರಿಗೆ ಒಲ್ಲೆನೆಂದು ಬರೆದ. ಆ ಘೋಷಣೆಯಾದ 52 ದಿನಗಳ ನಂತರ, 2025ರ ಫೆಬ್ರವರಿ 13ರಂದು, ಮಾತುಕತೆ ಮುಗಿಯಿತೆಂದು ಎರಡೂ ಕಡೆಯವರು ಹೇಳಿದರು. ಅವನ ಕರಾರು ನವೀಕರಣವಾಗಲಿಲ್ಲ, ಬೆಂಗಳೂರಿಗೆ ಹಿಂತಿರುಗಿದ. ಈಗಲೂ ಯುಗಾದಿಗೆ ಮರೆಯದೆ ಶುಭಾಶಯ ಕಳಿಸುತ್ತಾನೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಏಕೆ ಮುರಿಯಿತು ಎಂಬುದಕ್ಕೆ ಬರುತ್ತೇನೆ. ಒಂದಾಗಬೇಕಾದ ಕಾರಣಗಳ ಬಗ್ಗೆ ಅವರಲ್ಲಿ ಜಗಳವಿರಲಿಲ್ಲ. ಚೀನಾದ ವಿದ್ಯುತ್ ಕಾರುಗಳ ವೇಗ, ಬ್ಯಾಟರಿ ಮತ್ತು ಸಾಫ್ಟ್‌ವೇರಿಗೆ ಸುರಿಯಬೇಕಾದ ಹಣ, ಎರಡು ಕಾರಿಗೆ ಒಂದೇ ಪ್ಲಾಟ್‌ಫಾರ್ಮ್, ಅಂದರೆ ಕಾರಿನ ಅಡಿಯ ಮೂಲ ಚೌಕಟ್ಟು, ಬಳಸಿದರೆ ಉಳಿಯುವ ಖರ್ಚು, ಇವು ಇಬ್ಬರಿಗೂ ಗೊತ್ತಿದ್ದವು. ಜಗಳವಿದ್ದದ್ದು ಕುರ್ಚಿಯದು. ಮೊದಲ ಏರ್ಪಾಡಿನಲ್ಲಿ ಮೇಲೆ ಇಬ್ಬರ ಷೇರನ್ನೂ ಹಿಡಿದಿರುವ ಒಂದು ಹೋಲ್ಡಿಂಗ್ ಕಂಪನಿ, ಅದರ ಕೆಳಗೆ ಅಕ್ಕಪಕ್ಕದಲ್ಲಿ ಇಬ್ಬರೂ ಎಂದಿತ್ತು. ಆದರೂ ನಿರ್ದೇಶಕರಲ್ಲಿ ಹೆಚ್ಚಿನವರು ಮತ್ತು ಅಧ್ಯಕ್ಷರು ಹೋಂಡಾ ಸೂಚಿಸಿದವರೇ ಆಗಬೇಕಿತ್ತು. ಷೇರುಪೇಟೆಯಲ್ಲಿ ಹೋಂಡಾದ ಬೆಲೆ ನಿಸ್ಸಾನಿನ ಸುಮಾರು ಐದು ಪಟ್ಟು ಇದ್ದುದರಿಂದ ಅದರಲ್ಲಿ ಅಚ್ಚರಿಯಿಲ್ಲ. ನಿಸ್ಸಾನ್ ಮೊದಲು ತನ್ನ ಮನೆಯನ್ನು ತಾನೇ ಸರಿಪಡಿಸಿಕೊಳ್ಳಬೇಕೆಂಬುದೂ ಹೋಂಡಾದ ಷರತ್ತಾಗಿತ್ತು. 9,000 ಉದ್ಯೋಗ ಮತ್ತು ಉತ್ಪಾದನಾ ಸಾಮರ್ಥ್ಯದ ಐದನೆಯ ಒಂದು ಭಾಗವನ್ನು ಕಡಿತ ಮಾಡುವುದಾಗಿ ನಿಸ್ಸಾನ್ ನವೆಂಬರಿನಲ್ಲಿಯೇ ಹೇಳಿತ್ತು. ಇಬ್ಬರು ಯಜಮಾನರಿದ್ದರೆ ಬೇಗ ತೀರ್ಮಾನಿಸಲಾಗುವುದಿಲ್ಲ ಎಂದು ಹೋಂಡಾ ನಡುವೆಯೇ ಏರ್ಪಾಡನ್ನು ಬದಲಿಸಿ, ಷೇರು ವಿನಿಮಯದ ಮೂಲಕ ನಿಸ್ಸಾನ್ ತನ್ನ ಅಂಗಸಂಸ್ಥೆಯಾಗಲಿ ಎಂದಿತು. ಅಲ್ಲಿಗೆ ಮಾತು ನಿಂತಿತು.

ನಿಸ್ಸಾನಿನವರದು ಬರೀ ಹಠವೆಂದು ಹೊರಗಿನವರು ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. 1999ರಲ್ಲಿ ಫ್ರಾನ್ಸಿನ ಕಾರು ಕಂಪನಿ ರೆನೋ ಬಂದು ಅವರನ್ನು ಉಳಿಸಿತು, ನಿಜ. ಆದರೆ ಬಹುಕಾಲ ರೆನೋ ಬಳಿ ಮತದ ಹಕ್ಕಿರುವ ಶೇ. 43ರಷ್ಟು ಷೇರು, ನಿಸ್ಸಾನ್ ಬಳಿ ಮತದ ಹಕ್ಕಿಲ್ಲದ ಶೇ. 15. ಇಬ್ಬರಿಗೂ ಸಮನಾದ ಶೇ. 15ರ ಮತದ ಹಕ್ಕು ಬಂದದ್ದು 2023ರಲ್ಲಿ. ಒಬ್ಬರ ಕೈಕೆಳಗಿನಿಂದ ಈಗಷ್ಟೇ ಎದ್ದು ನಿಂತವರಿಗೆ, ಅದೂ ಪಕ್ಕದ ಬೀದಿಯ ಪ್ರತಿಸ್ಪರ್ಧಿಯ ಮುಂದೆ, ಕೈಕಟ್ಟಿ ನಿಲ್ಲಿ ಎಂದರೆ ಹೇಗಾಗಬೇಡ?

ಇದು ಜಪಾನಿಗಷ್ಟೇ ಸೇರಿದ ಕಾಯಿಲೆಯಲ್ಲ. 1993ರಲ್ಲಿ ವೋಲ್ವೊ ಮತ್ತು ರೆನೋ ವಿಲೀನ ಸೆಪ್ಟೆಂಬರಿನಲ್ಲಿ ಘೋಷಣೆಯಾಗಿ ಡಿಸೆಂಬರಿನಲ್ಲಿ ಬಿದ್ದುಹೋಯಿತು. ಫ್ರೆಂಚ್ ಸರ್ಕಾರದ ಕೈಯಲ್ಲಿ ಉಳಿಯಲಿದ್ದ ವಿಶೇಷ ಹಕ್ಕಿನ ಷೇರನ್ನು ಸ್ವೀಡನ್ನಿನವರು ನಂಬಲಿಲ್ಲ. 2019ರ ಮೇ 27ರಂದು ಫಿಯಟ್ ಕ್ರೈಸ್ಲರ್ ರೆನೋ ಮುಂದೆ ಅರ್ಧರ್ಧ ಪಾಲಿನ ಪ್ರಸ್ತಾವ ಇಟ್ಟು, ಜೂನ್ ಮೊದಲ ವಾರದಲ್ಲಿಯೇ, ಫ್ರಾನ್ಸಿನ ರಾಜಕೀಯ ಸ್ಥಿತಿ ಅನುಕೂಲವಾಗಿಲ್ಲವೆಂದು ಹಿಂತೆಗೆದುಕೊಂಡಿತು. ಅರ್ಧರ್ಧ ಎಂದೊಡನೆ ಯಾರು ಮೇಲೆ ಎಂಬ ಪ್ರಶ್ನೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ನೋಡಿ. ಅದು ವಿಲೀನವಲ್ಲ, ಪಾಲುದಾರಿಕೆ, 1997ರಿಂದ ನಡೆದುಬಂದಿದೆ. ಅಲ್ಲಿ ಇಂದಿನ ಪಾಲು 89ಕ್ಕೆ 11. ಯಾರು ಹಿರಿಯರೆಂದು ಅಲ್ಲಿ ಯಾರೂ ಕೇಳಬೇಕಿಲ್ಲ.

ಇಷ್ಟು ದೂರ ಹೋಗುವ ಅಗತ್ಯವೂ ನನಗಿರಲಿಲ್ಲ. ಪೀಣ್ಯದಲ್ಲಿ ನಮ್ಮ ತಂದೆಯವರಿಗೆ ಮೂರು ಲೇತಿನ ಶೆಡ್ ಇತ್ತು. ಎದುರು ಸಾಲಿನ ಶೆಡ್ಡಿನವರಿಗೆ ನಾಲ್ಕು. ಒಂದೇ ಜಾಬ್ ವರ್ಕಿಗೆ ಇಬ್ಬರೂ ದರ ಇಳಿಸಿ ಇಳಿಸಿ ಸೋತು, ಒಂದಾಗೋಣವೆಂದು ತೀರ್ಮಾನಿಸಿದರು. ಯಂತ್ರಗಳ ಬೆಲೆ, ಸಾಲದ ಹೊಣೆ, ಕೆಲಸಗಾರರ ಬೋನಸ್ಸು, ಎಲ್ಲವೂ ಒಂದು ನೋಟ್‌ಬುಕ್ಕಿನ ನಾಲ್ಕು ಪುಟದಲ್ಲಿ ಮುಗಿಯಿತು. ಬೋರ್ಡು ಬರೆಯುವವನು ಏಣಿ ಹಾಕಿ, ನೀಲಿ ಬಣ್ಣದ ಡಬ್ಬಿ ತೆರೆದು, ಯಾರ ಹೆಸರು ಮೊದಲು ಸಾರ್ ಎಂದು ಕೇಳಿದ. ಇಬ್ಬರೂ ನಿಮ್ಮದೇ ಇರಲಿ ಎಂದರು. ಮತ್ತೆ ಕೇಳಿದ. ಈ ಬಾರಿ ಇಬ್ಬರೂ ಸುಮ್ಮನಿದ್ದರು. ಸಂಜೆಯವರೆಗೆ ಕಾದು ಅವನು ಏಣಿ ಹೊತ್ತು ಹೋದ. ಆ ಬಿಳಿ ತಗಡು ವರ್ಷಗಟ್ಟಲೆ ನಮ್ಮ ಶೆಡ್ಡಿನ ಗೋಡೆಗೆ ಒರಗಿಕೊಂಡಿತ್ತು. ಅದನ್ನು ದಿನವೂ ನೋಡಿ ಬೆಳೆದವನು ನಾನು, ಆ ಹುಡುಗನಿಗೆ ಇಲ್ಲಿಯೇ ಇರು ಎಂದೆ.

ಈಗ ನಿಮ್ಮ ವಿಚಾರ. 2025ರ ಮೇ ತಿಂಗಳಲ್ಲಿ ನಿಸ್ಸಾನ್ ತನ್ನ ಕಡಿತವನ್ನು ಒಟ್ಟು 20,000 ಉದ್ಯೋಗಗಳಿಗೆ ಏರಿಸಿ, 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುವುದಾಗಿ ಹೇಳಿತು. ಯೊಕೊಹಾಮಾದಿಂದ ದೂರವಿಲ್ಲದ ಒಪ್ಪಾಮಾದಲ್ಲಿ, 1961ರಿಂದ ನಡೆದುಬಂದ ಕಾರ್ಖಾನೆಯಲ್ಲಿ, 2028ರ ಮಾರ್ಚ್ ಹೊತ್ತಿಗೆ ಕಾರು ತಯಾರಿಕೆ ನಿಲ್ಲಲಿದೆ ಎಂದು ಜುಲೈನಲ್ಲಿ ತಿಳಿಸಿತು. ಹಾಗೆಂದು ಬರಬೇಡಿ ಎನ್ನುತ್ತಿಲ್ಲ. ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ದೇಶವನ್ನು ನಾನು ಕಂಡಿಲ್ಲ. ಆದರೆ ನಿಮ್ಮನ್ನು ಕರೆದವರಿಗೆ ಎರಡು ಪ್ರಶ್ನೆಗಳನ್ನು ಬರವಣಿಗೆಯಲ್ಲಿಯೇ ಕೇಳಿ. ನೀವು ಮಾಡಬೇಕಾದ ಬಿಡಿಭಾಗ ಯಾವ ಕಾರಿಗೆ, ಯಾವ ಕಾರ್ಖಾನೆಗೆ, ಯಾವ ವರ್ಷದವರೆಗೆ ಹೋಗುತ್ತದೆ? ನಿಮ್ಮನ್ನು ಸೇರಿಸಿಕೊಳ್ಳುವುದು ಸೇಯ್‌ಶಾಯಿನ್ ಎಂದೋ, ಅಂದರೆ ಕಾಯಂ ನೌಕರರಾಗಿಯೋ, ಅವಧಿಯ ಕರಾರಿನ ಮೇಲೋ? ಉತ್ತರ ಬಂದ ಮೇಲೆ ಆ ಕಾಗದವನ್ನು ನನಗೂ ಕಳಿಸಿ, ಒಂದೊಂದು ಸಾಲನ್ನೂ ಕೂತು ಓದುತ್ತೇನೆ. ಅಲ್ಲಿಯವರೆಗೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.