ದೀಪಾಲಂಕಾರದ ಚಿತ್ರಕ್ಕೆ ಕತ್ತಲಾಗುವವರೆಗೆ ಕಾಯಬೇಡಿ

ದಸರಾ ಸಂಜೆ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ತೆಗೆದ ಚಿತ್ರಗಳಲ್ಲಿ ಆಕಾಶ ಮಸಿ ಬಳಿದಂತೆ, ದೀಪಗಳು ಬರೀ ಬಿಳಿ ಚುಕ್ಕೆಗಳಾಗಿ ಬಂದಿವೆ, ಹೊಸ ಕ್ಯಾಮೆರಾ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ನಿಮ್ಮ 50 ಎಂಎಂ ಲೆನ್ಸ್ ಧಾರಾಳವಾಗಿ ಸಾಕು. ತಪ್ಪಿದ್ದು ಹೊತ್ತು. ಎಂಟು ಗಂಟೆಗೆ ಹೋದರೆ ಆಕಾಶದಲ್ಲಿ ಏನೂ ಉಳಿದಿರುವುದಿಲ್ಲ.

ಅಕ್ಟೋಬರ್ ಆರಂಭದಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸುಮಾರು 6.10ಕ್ಕೆ. ಆಮೇಲಿನ ಇಪ್ಪತ್ತು ನಿಮಿಷ ಬಾನು ಕಡುನೀಲಿ; ದೀಪಕ್ಕೂ ಆಕಾಶಕ್ಕೂ ಬೆಳಕಿನ ಅಂತರ ಕಡಿಮೆ. ಎಫ್/2 (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ 1600 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಇಟ್ಟು ಶುರು ಮಾಡಿ, ದೀಪಗಳು ಬೆಳ್ಳಗಾದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಐಎಸ್‌ಒ 800 ಮಾಡಿ. ಶಟರ್ 1/100 ಸೆಕೆಂಡ್ ಇರಲಿ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಅದರ ಏರಿಳಿತಕ್ಕೆ ಅಗ್ಗದ ಎಲ್‌ಇಡಿ ಸರಗಳು ಸಾಮಾನ್ಯವಾಗಿ ಸೆಕೆಂಡಿಗೆ ನೂರು ಬಾರಿ, ಕಣ್ಣಿಗೆ ಕಾಣದಂತೆ ಮಿನುಗುತ್ತವೆ; 1/100ರಲ್ಲಿ ಒಂದು ಇಡೀ ಮಿನುಗು ಚಿತ್ರಕ್ಕೆ ಸಿಗುತ್ತದೆ. 1/500ಕ್ಕೆ ಏರಿಸಿದರೆ ಅರ್ಧ ಸರ ಆರಿದಂತೆ ಕಾಣಬಹುದು, ಚಿತ್ರಕ್ಕೆ ಅಡ್ಡಪಟ್ಟೆಯೂ ಬೀಳಬಹುದು.

ಇನ್ನೊಂದು ಮಾತು: ಬರೀ ಕಮಾನುಗಳನ್ನೇ ಎಷ್ಟೆಂದು ತೆಗೆಯುತ್ತೀರಿ? ದೇವರಾಜ ಮಾರುಕಟ್ಟೆಯ ಕಡೆ ತಿರುಗಿ. ಮಲ್ಲಿಗೆ ರಾಶಿಯ ಮೇಲೆ ತೂಗುವ ಬಲ್ಬಿನ ಬೆಳಕು ಹೂವಿಗೆ ತಾಗಿ, ಮಾರುವವರ ಮುಖಕ್ಕೆ ಕೆಳಗಿನಿಂದ ಮೆತ್ತಗೆ ಹಿಂದಿರುಗುತ್ತದೆ. ಕೇಳಿಯೇ ತೆಗೆಯಿರಿ, ಒಂದು ಮೊಳ ಕೊಂಡರೆ ಇನ್ನೂ ಒಳ್ಳೆಯದು. ಟ್ರೈಪಾಡ್ ಮಾತ್ರ ಬೇಡ, ಆ ಜಂಗುಳಿಯಲ್ಲಿ ಯಾರಾದರೂ ಎಡವುತ್ತಾರೆ.