ಟ್ರಾಮಿನ ಆ ಇಬ್ಬರು ಯಾರು?

ಪ್ರಶ್ನೆ: ರಷ್ಯಾದ ಕ್ರೈಂ ಸಿನಿಮಾ ‘ಬ್ರಾತ್’ (ಅಂದರೆ ‘ಸಹೋದರ’) ನೋಡಿದೆ. ನಾಯಕ ದನೀಲ ತುಂಬ ಹಿಡಿಸಿದ. ಆದರೆ ಟ್ರಾಮಿನಲ್ಲಿ ದಕ್ಷಿಣದ ಬೆಟ್ಟಸೀಮೆ ಕಾಕಸಸ್ ಕಡೆಯ ಇಬ್ಬರಿಗೆ ಜನಾಂಗ ಎತ್ತಿ ಬೈಯುತ್ತಾನೆ, ಯಹೂದಿಗಳೆಂದರೆ ತನಗೆ ಅಷ್ಟಕ್ಕಷ್ಟೆ ಅನ್ನುತ್ತಾನೆ. ಇದು ಪಾತ್ರದ ಮಾತೋ, ಸಿನಿಮಾದ್ದೇ ಮಾತೋ?

ಉತ್ತರ: ಎರಡು ದೃಶ್ಯಕ್ಕೂ ಒಂದೇ ಉತ್ತರ ಕೊಡಲಾರೆ. ಯಹೂದಿಗಳ ಮಾತು ಬಂದಾಗ ಸಿನಿಮಾ ದನೀಲನಿಂದ ಸ್ವಲ್ಪ ದೂರ ನಿಂತಿದೆ. ಟ್ರಾಮಿನಲ್ಲಿ ಅವನ ಪಕ್ಕಕ್ಕೇ ನಿಂತಿದೆ.

ಮೊದಲನೆಯದನ್ನು ಇನ್ನೊಮ್ಮೆ ನೋಡಿ. ಎದುರಿಗಿರುವವನು ಹಾಫ್‌ಮನ್, ಪೀಟರ್ಸ್‌ಬರ್ಗಿನ ಲುಥೆರನ್ ಸ್ಮಶಾನದಲ್ಲಿ ದಿನ ದೂಡುವ, ಮನೆಮಠವಿಲ್ಲದ ಜರ್ಮನ್. ದನೀಲ ಆ ಮಾತಾಡಿದಾಗ ‘ಹಾಗಾದರೆ ಜರ್ಮನ್ನರು?’ ಎಂದು ಕೇಳುತ್ತಾನೆ. ಅವರು ಪರವಾಗಿಲ್ಲವಂತೆ. ‘ಏನು ವ್ಯತ್ಯಾಸ?’ ಎಂದರೆ ದನೀಲ ಸಿಡುಕುತ್ತಾನೆಯೇ ಹೊರತು ಉತ್ತರ ಕೊಡುವುದಿಲ್ಲ. ಆ ಪ್ರಶ್ನೆಯನ್ನು ಹಾಫ್‌ಮನ್‌ನ ಬಾಯಲ್ಲಿ ಇಟ್ಟವರು ನಿರ್ದೇಶಕ ಅಲೆಕ್ಸಿ ಬಲಬಾನೋವ್. ಅದಕ್ಕೆ ಅವರನ್ನು ಮೆಚ್ಚುತ್ತೇನೆ.

ಟ್ರಾಮಿನಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ. ಆ ಇಬ್ಬರು ಟಿಕೆಟ್ ತೆಗೆದಿಲ್ಲ, ದಂಡ ಕೇಳಿದರೆ ಉಡಾಫೆ. ದನೀಲ ರಿವಾಲ್ವರ್ ಹಿಡಿದ ಮೇಲೆ ಒಬ್ಬ ಅಣ್ಣಾ ಎಂದು ಅಂಗಲಾಚುತ್ತಾನೆ, ಅದಕ್ಕೆ ಸಿಕ್ಕುವುದು ಹೊಲಸು ಬೈಗುಳ. ಅವರು ಯಾವ ಊರಿನವರು, ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಒಂದೂ ನಮಗೆ ತಿಳಿಯದು. ಮೊದಲು ಸೊಕ್ಕು, ಆಮೇಲೆ ಭಯ, ಇಷ್ಟೇ ಅವರ ಪಾಲಿಗೆ ಬಂದದ್ದು. ಮಾರುಕಟ್ಟೆಯಲ್ಲಿ ದನೀಲನ ಗುಂಡಿಗೆ ಬಲಿಯಾಗುವ ಡಾನ್‌ಗೂ ‘ಚೆಚೆನ್’ ಎಂಬ, ಕಾಕಸಸ್‌ನ ಒಂದು ಜನಾಂಗದ ಹೆಸರೇ ಅಡ್ಡಹೆಸರಾಗಿ ಗತಿ. ಅದೂ ಆ ಕೊಲೆಗೆ ಸುಪಾರಿ ಪಡೆದವನು ದನೀಲನ ಸ್ವಂತ ಅಣ್ಣ ವಿಕ್ತರ್. ತನಗೇ ತೊಂದರೆ ಇದೆಯೆಂದು ಕಥೆ ಕಟ್ಟಿ ತಮ್ಮನ ಕೈಯಲ್ಲಿ ಮಾಡಿಸುತ್ತಾನೆ. ಮೋಸದ ಬೇರು ಮನೆಯೊಳಗೇ ಇದೆ ಎಂದು ಸಿನಿಮಾಕ್ಕೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಟ್ರಾಮಿನಲ್ಲಿ ನಮ್ಮಿಂದ ಶಿಳ್ಳೆ ಹೊಡೆಸಿಕೊಳ್ಳುತ್ತದೆ. ನನಗೆ ನೋವಾಗುವುದು ಇಲ್ಲೇ, ಯಾಕೆಂದರೆ ದನೀಲನ ಆ ದಪ್ಪ ಸ್ವೆಟರ್, ಸೊಂಟದ ಸಿಡಿ ಪ್ಲೇಯರ್, ಆ ಮಗುವಿನಂಥ ಮುಖ ನನಗೂ ಅಚ್ಚುಮೆಚ್ಚು.

ಕಾಲವೇ ಹಾಗಿತ್ತು, ಕಾಕಸಸ್‌ನ ಚೆಚೆನ್ಯದಲ್ಲಿ ರಷ್ಯಾ ನಡೆಸಿದ ಯುದ್ಧ 1996ರಲ್ಲಷ್ಟೇ ನಿಂತಿತ್ತು, 1997ರ ಸಿನಿಮಾ ಮತ್ತೆ ಹೇಗಿದ್ದೀತು ಎನ್ನುವವರಿದ್ದಾರೆ. ಒಪ್ಪಲಾರೆ. ದನೀಲನಾದ ಸೆರ್ಗೈ ಬೊದ್ರೋವ್ ಅದೇ 1996ರಲ್ಲಿ ತನ್ನ ತಂದೆ ನಿರ್ದೇಶಿಸಿದ, ಚೆಚೆನ್ಯದ ಪಕ್ಕದ ದಾಗೆಸ್ತಾನದಲ್ಲಿ ಚಿತ್ರೀಕರಿಸಿದ ‘ಕಾಕಸಸ್‌ನ ಸೆರೆಯಾಳು’ ಸಿನಿಮಾದಲ್ಲೂ ನಟಿಸಿದ್ದರು. ಅಲ್ಲಿ ರಷ್ಯನ್ ಸೈನಿಕರನ್ನು ಸೆರೆ ಹಿಡಿದಿಡುವ ಬೆಟ್ಟದ ಮುದುಕನಿಗೆ ಹೆಸರಿದೆ, ಮನೆಯಿದೆ, ಮಗಳಿದ್ದಾಳೆ. ರಷ್ಯನ್ನರ ವಶದಲ್ಲಿರುವ ಮಗನನ್ನು ಬಿಡಿಸಿಕೊಳ್ಳಲೆಂದೇ ಅವರನ್ನು ಇಟ್ಟುಕೊಂಡಿದ್ದಾನೆ. ಅವನೂ ಒಬ್ಬ ತಂದೆ ಎಂಬುದನ್ನು ಆ ಸಿನಿಮಾ ಒಂದು ಗಳಿಗೆಯೂ ಮರೆಯುವುದಿಲ್ಲ. ಮನಸ್ಸಿದ್ದವರು ಅದೇ ಕಾಲದಲ್ಲಿ ಮಾಡಿ ತೋರಿಸಿದ್ದಾರೆ.

ಪ್ರಶ್ನೆ: ಕಾಕಸಸ್‌ನವರೇ ತೆಗೆದ ಕ್ರೈಂ ಕಥೆ ಏನಾದರೂ ಇದೆಯೇ?

ಉತ್ತರ: 2017ರ ‘ತೆಸ್ನೋತ’ ನೋಡಿ. ನಿರ್ದೇಶಕ ಕಾಂತೆಮಿರ್ ಬಲಾಗೋವ್ ಹುಟ್ಟಿದ್ದು ಕಾಕಸಸ್‌ನ ನಾಲ್ಚಿಕ್ ಊರಿನಲ್ಲಿ, ಅಲ್ಲಿಯದೇ ಕಬರ್ದಿನ್ ಜನಾಂಗದವರು. ಕಥೆ ನಡೆಯುವುದೂ ಅದೇ ಊರಿನಲ್ಲಿ, 1998ರಲ್ಲಿ. ಯಹೂದಿ ಹುಡುಗ, ಅವನು ಮದುವೆಯಾಗಬೇಕಿದ್ದ ಹುಡುಗಿ, ಇಬ್ಬರ ಅಪಹರಣ. ಪೊಲೀಸರ ಮೊರೆ ಹೋಗುವ ಮಾತೇ ಇಲ್ಲ, ಒತ್ತೆಹಣ ಹೊಂದಿಸಲು ಮನೆಯವರು ಬದುಕಿಗೆ ಆಧಾರವಾಗಿದ್ದುದನ್ನೇ ಮಾರಬೇಕು. ಹುಡುಗನ ಅಕ್ಕ ಇಲಾ ಅಪ್ಪನ ಗ್ಯಾರೇಜಿನಲ್ಲಿ ಕೈಗೆ ಗ್ರೀಸ್ ಬಳಿದುಕೊಂಡು ಕಾರು ರಿಪೇರಿ ಮಾಡುವವಳು. ಅವಳು ಪ್ರೀತಿಸುವ ಜಾಲಿಮ್ ಕಬರ್ದಿನ್. ಇಲ್ಲಿ ಯಾರೂ ಬರೀ ಜನಾಂಗದ ಗುರುತಾಗಿ ಬಂದು ಹೋಗುವುದಿಲ್ಲ. ತಪ್ಪು ಮಾಡುತ್ತಾರೆ, ಹಟ ಮಾಡುತ್ತಾರೆ, ಪ್ರೀತಿಸಿದವರನ್ನೇ ನೋಯಿಸುತ್ತಾರೆ. ಒಂದು ಎಚ್ಚರಿಕೆ: ನಡುವೆ ಸೈನಿಕರನ್ನು ಕೊಲ್ಲುವ ನಿಜವಾದ ವಿಡಿಯೊ ಬರುತ್ತದೆ. ಮಕ್ಕಳ ಜೊತೆ ಕೂತು ನೋಡಬೇಡಿ.